ನಿಯಾನಿನಲ್ಲಿ ‘ಬರ್ರಿ’

ಆ ಕಟ್ಟಡಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೇ. ಟೆಕ್ಸಾಸಿನ ಹಳೆಯ ರಸ್ತೆಗಳ ಪಕ್ಕದಲ್ಲಿ ಅವು ಅಲ್ಲಲ್ಲಿ ಇನ್ನೂ ನಿಂತಿವೆ. ಐವತ್ತು-ಅರವತ್ತರ ದಶಕದಲ್ಲಿ ಕಟ್ಟಿದ ಬರ್ಗರ್ ಅಂಗಡಿಗಳು, ಮೋಟೆಲುಗಳು, ಕಾರು ತೊಳೆಯುವ ಜಾಗಗಳು. ಚಂದ್ರಲೋಕಕ್ಕೆ ಹಾರಲು ಸಿದ್ಧವಾದಂತೆ ಎರಡೂ ತುದಿ ಮೇಲೆದ್ದ ಸೂರು, ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಕಂಬದ ತುದಿಯಲ್ಲಿ ಕಬ್ಬಿಣದ ಮುಳ್ಳುಗಳ ನಕ್ಷತ್ರ, ಅದರ ಕೆಳಗೆ ಕೆಂಪು ನೀಲಿ ನಿಯಾನ್ ಅಕ್ಷರಗಳು. ಹಾರಲು ಸಿದ್ಧವಾದ ಆ ಸೂರುಗಳಲ್ಲಿ ಒಂದೂ ಹಾರಲಿಲ್ಲ. ಹೆಚ್ಚಿನವು ಸೋರಿದವು.

ನಾನು ಮೂವತ್ತು ವರ್ಷ ಪವರ್ ಸಪ್ಲೈ ವಿನ್ಯಾಸ ಮಾಡಿ ಹೊಟ್ಟೆ ಹೊರೆದವನು. ಒಂದು ವಸ್ತು ಯಾಕೆ ಹಾಗಿದೆ ಎಂದು ಕೇಳಿದರೆ ಅದಕ್ಕೊಂದು ಉತ್ತರ ಇರಬೇಕು. ಟೆಕ್ಸಾಸಿನ ಬಿಸಿಲಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನೆಲದಿಂದ ಸೂರಿನವರೆಗೆ ಗಾಜು ಹಾಕಿದವನ ತಲೆಯಲ್ಲಿ ಏನಿತ್ತು? ನಾಲ್ಕು ಅಕ್ಷರ ಉರಿಸಲು ಸಾವಿರಾರು ವೋಲ್ಟು ಬೇಡುವ, ಜೇನುಗೂಡಿನ ಹಾಗೆ ಸದಾ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರನ್ನು ಊಟದ ಜಾಗದಲ್ಲಿ ಇಡುತ್ತಾರೆಯೆ? ರಸ್ತೆಯಲ್ಲಿ ಓಡುವ ಕಾರನ್ನು ತಡೆದು ನಿಲ್ಲಿಸಿ ಬರ್ಗರ್ ಮಾರಬೇಕು, ಅದಕ್ಕೆ ಇಷ್ಟು ಆಟ. ಇದಕ್ಕೆ ಭವಿಷ್ಯ ಎಂದು ಹೆಸರು ಬೇರೆ.

ನನ್ನ ಹೆಂಡತಿಗೆ ಅವೆಂದರೆ ಪ್ರಾಣ. ಅವಳು ಧಾರವಾಡದವಳು, ನಾನು ಮೈಸೂರಿನವನು. ಮದುವೆಯಾಗಿ ಹ್ಯೂಸ್ಟನ್ನಿಗೆ ಬಂದ ಮೊದಲ ವರ್ಷದಿಂದಲೇ ಶುರುವಾಯಿತು. ಡ್ಯಾಲಸ್ಸಿಗೆ ಡ್ರೈವ್ ಮಾಡುವಾಗ ಹಳೆಯ ಮೋಟೆಲಿನ ಬೋರ್ಡು ಕಂಡರೆ ನಿಲ್ಲಿಸಿ ಎನ್ನುವಳು. ನಾನು ನಿಲ್ಲಿಸುತ್ತಿರಲಿಲ್ಲ. ಮುಂದೆ ಬರುವ ಕಾಲದ ಬಗ್ಗೆ ಇವರು ಎಷ್ಟು ಖುಷಿಯಿಂದ ಕಟ್ಟಿದ್ದಾರೆ ನೋಡಿ ಎಂದು ಅವಳು ಹೇಳಿದರೆ, ಆ ಕಾಲ ಬಂದು ಹೋಗಿ ಅದರ ಮೇಲೆ ಪಾರ್ಕಿಂಗ್ ಲಾಟ್ ಆಗಿದೆ ಎಂದು ನಾನು ಹೇಳುತ್ತಿದ್ದೆ. ಕ್ರಮೇಣ ಅವಳು ನಿಲ್ಲಿಸಿ ಎನ್ನುವುದನ್ನು ಬಿಟ್ಟಳು. ಕಿಟಕಿಯಿಂದ ಕತ್ತು ತಿರುಗಿಸಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ನಾವು ಡ್ಯಾಲಸ್ ಕಡೆಗೆ ಶಿಫ್ಟ್ ಆಗಿ ಅದರ ಹೊರವಲಯದ ಮರ್ಫಿಯಲ್ಲಿ ಮನೆ ಮಾಡಿದೆವು. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದಳು. ಎರಡು ಸಾವಿರದ ಹದಿನೈದರ ಸುಮಾರಿಗೆ ಒಂದು ದಿನ ರಾಜೀನಾಮೆ ಕೊಟ್ಟು ಮನೆಗೆ ಬಂದಳು. ಡ್ಯಾಲಸ್ಸಿನ ಹಳೆಯ ಭಾಗದಲ್ಲಿ ಮುಚ್ಚಿಹೋದ ಬರ್ಗರ್ ಅಂಗಡಿಯೊಂದಿದೆ, ಅದನ್ನು ಬಾಡಿಗೆಗೆ ಹಿಡಿದಿದ್ದೇನೆ, ತಿಂಡಿಯ ಹೋಟೆಲು ತೆಗೆಯುತ್ತೇನೆ ಎಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಕೂಗಾಡಿದೆ. ಕೇಳಿದ್ದಳಂತೆ, ಮೂರು ಸಲ. ಮೂರು ಸಲವೂ ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೂಂ ಎಂದಿದ್ದೆನಂತೆ.

ನನ್ನ ಉರಿ ಏನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನಗೆ ನಾಚಿಕೆಯಾಗಿತ್ತು. ಡ್ಯಾಲಸ್ಸಿನ ಪಕ್ಕದ ಫ್ರಿಸ್ಕೋದಲ್ಲಿರುವ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಕನ್ನಡದವರು, ನನ್ನನ್ನು ಅಂಕಲ್ ಎನ್ನುವವರು, ವಾರಾಂತ್ಯದ ಊಟಗಳಲ್ಲಿ ‘ಆಂಟಿ ಹೋಟೆಲ್ ಇಡ್ತಾರಂತೆ?’ ಎಂದು ಕೇಳುತ್ತಿದ್ದರು. ಆ ‘ಅಂತೆ’ ನನಗೆ ಚುಚ್ಚುತ್ತಿತ್ತು. ಹಾಗೆಂದು ಹೆಂಡತಿಗೆ ಹೇಳುವ ಧೈರ್ಯ ಇರಲಿಲ್ಲ. ಅದಕ್ಕೆ ಕಟ್ಟಡವನ್ನು ಬೈದೆ. ಸೂರು ಸರಿಯಿಲ್ಲ, ವೈರಿಂಗ್ ಸರಿಯಿಲ್ಲ, ಗಾಜು ಸರಿಯಿಲ್ಲ, ಜಾಗ ಸರಿಯಿಲ್ಲ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ:

“ನೀವು ಅಡಗಿ ಮಾಡಬ್ಯಾಡ್ರಿ, ಗಲ್ಲಾ ಮ್ಯಾಲೆ ಕೂಡಬ್ಯಾಡ್ರಿ. ನನ್ನ ಜೋಡಿ ಇರ್ರಿ, ಅಷ್ಟ ಸಾಕು.”

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆಯಿತು ಎಂದೆ.

ಬಾಡಿಗೆಯ ಕರಾರಿಗೆ ಸಹಿ ಹಾಕುವ ದಿನ ಅವಳ ಜೊತೆ ಹೋದೆ. ಒಳಗೆ ಹೋಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲೇ ನಿಂತಿದ್ದೆ. ಅಲ್ಲೊಬ್ಬ ಬಿಳಿಗಡ್ಡದ ಮನುಷ್ಯ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ಆ ಮುಳ್ಳುನಕ್ಷತ್ರದ ಫೋಟೋ ತೆಗೆಯುತ್ತಿದ್ದ. ನಿವೃತ್ತನಂತೆ. ರಾಜ್ಯದಲ್ಲೆಲ್ಲ ಸುತ್ತಿ ಇಂಥ ಕಟ್ಟಡಗಳ ಫೋಟೋ ತೆಗೆದು ತನ್ನ ವೆಬ್‌ಸೈಟಿನಲ್ಲಿ ಹಾಕುವುದೇ ಅವನ ಕೆಲಸ. ಹುಡುಗನಾಗಿದ್ದಾಗ ಇಲ್ಲಿ ಕಾರಿನಲ್ಲೇ ಕೂತು ಮಿಲ್ಕ್‌ಶೇಕ್ ಕುಡಿಯುತ್ತಿದ್ದನಂತೆ. ಅಂಥ ಕಾಲ ಮತ್ತೆ ಬರುವುದಿಲ್ಲ ಎಂದು ಕಣ್ಣು ತೇವ ಮಾಡಿಕೊಂಡ. ಆ ನಿನ್ನ ಚಿನ್ನದಂಥ ಕಾಲದಲ್ಲಿ ನನ್ನ ಬಣ್ಣದವನು ಬಂದಿದ್ದರೆ ಇಲ್ಲಿ ಮಿಲ್ಕ್‌ಶೇಕ್ ಕೊಡುತ್ತಿದ್ದರೇನಪ್ಪ ಎಂದು ಕೇಳಿದೆ. ಅವನ ಮುಖ ಇಳಿದುಹೋಯಿತು. ಕೊಡುತ್ತಿರಲಿಲ್ಲ ಎಂದು ಒಪ್ಪಿಕೊಂಡ. ಪಾಪ ಎನಿಸಲಿಲ್ಲ, ಒಳ್ಳೆಯ ಪೆಟ್ಟು ಕೊಟ್ಟೆ ಎಂದು ಹಿಗ್ಗಿದೆ. ಕಾರಿನಲ್ಲಿ ವಾಪಸು ಬರುವಾಗ ಅದನ್ನು ಹೆಂಡತಿಗೂ ಹೇಳಿದೆ. ಅಂಥ ಜಾಗದಲ್ಲಿ ನೀನು ಹೋಟೆಲು ಮಾಡುತ್ತಿದ್ದೀಯ, ಗೊತ್ತಾಗಲಿ ಎಂದೆ.

“ಅದಕ್ಕs ಅಲ್ಲೇ ತೆಗೀಲಿಕ್ಕತ್ತೀನ್ರಿ,” ಎಂದಳು.

ನನ್ನ ಪಾಲಿಗೆ ಒಂದು ಕೆಲಸ ಬಂತು. ಮುಂದಿನ ದೊಡ್ಡ ಗಾಜಿನ ಒಳಗೆ, ಹೊರಗಿನ ರಸ್ತೆಗೆ ಕಾಣುವ ಹಾಗೆ ಕನ್ನಡದಲ್ಲಿ ಒಂದೇ ಒಂದು ನಿಯಾನ್ ಪದ ತೂಗುಹಾಕಬೇಕೆಂದು ಅವಳ ಆಸೆ. ‘ಬರ್ರಿ’ ಎಂದು. ನಾನು ‘ಬನ್ನಿ’ ಎಂದಿರಲಿ ಎಂದೆ, ಅದು ಬರಹದ ಕನ್ನಡ, ಎಲ್ಲರಿಗೂ ಒಪ್ಪುತ್ತದೆ. ಬರ್ರಿ ಎಂದರೆ ಇಲ್ಲಿಯವರು ಸ್ಟ್ರಾಬೆರಿ ಕೇಳಿಕೊಂಡು ಬರುತ್ತಾರೆ ಎಂದು ಲೇವಡಿ ಮಾಡಿದೆ. ಅವಳು ನಗಲಿಲ್ಲ. ಅವರ ಮನೆಯ ಬಾಗಿಲಿಗೆ ಯಾರು ಬಂದರೂ ಅವಳ ತಾಯಿ ಒಲೆಯ ಮುಂದಿನಿಂದಲೇ ಕೂಗುತ್ತಿದ್ದ ಮಾತು ಅದು, ಅದೇ ಆಗಬೇಕು ಎಂದಳು. ಅಡುಗೆಮನೆಯ ಬೇಕಿಂಗ್ ಕಾಗದ ಹಾಸಿ, ದಪ್ಪ ಮಾರ್ಕರಿನಲ್ಲಿ ತನ್ನ ಕೈಯಾರೆ ದೊಡ್ಡದಾಗಿ ಬರೆದುಕೊಟ್ಟಳು. ಹಲವು ಸಲ ಬರೆದು ಹರಿದು, ಕೊನೆಗೆ ಒಂದನ್ನು ಆರಿಸಿದಳು.

ನಿಯಾನ್ ಅಕ್ಷರಕ್ಕೆ ಗಾಜಿನ ನಳಿಗೆ ಬಗ್ಗಿಸುವ ಮುದುಕನೊಬ್ಬ ಆಸ್ಟಿನ್ನಿನಲ್ಲಿದ್ದ. ಕೆಲಸದ ಮೇಲೆ ಅಲ್ಲಿಗೆ ಹೋದಾಗ ಅವನ ಶೆಡ್ಡಿಗೆ ಹೋದೆ. ಬಾಯಲ್ಲಿ ರಬ್ಬರ್ ಕೊಳವೆ ಕಚ್ಚಿಕೊಂಡು, ಉರಿಯಲ್ಲಿ ಕಾದು ಮೆತ್ತಗಾದ ನಳಿಗೆಯನ್ನು ಊದುತ್ತ, ಮೇಜಿನ ಮೇಲಿದ್ದ ನಕ್ಷೆಯ ಗೆರೆಯ ಮೇಲೆ ಒರಗಿಸಿ ತಿರುವುತ್ತಿದ್ದ. ಅಕ್ಷರದ ಮುಖ ಮೇಜಿಗೆ ಕೆಳಮುಖವಾಗಿರಬೇಕಂತೆ. ಆದ್ದರಿಂದ ನಕ್ಷೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆದುಕೊಂಡು, ಅದರ ಮೇಲೆ ಬಗ್ಗಿಸಿ, ಆಮೇಲೆ ತಿರುಗಿಸಿ ನಿಲ್ಲಿಸಿದರೆ ಸರಿಯಾಗಿ ಓದಲು ಬರುತ್ತದೆ ಎಂದು ವಿವರಿಸಿದ. ಅದಾದ ಮೇಲೆ ಹಳೆಯ ಬೋರ್ಡುಗಳ ಪುರಾಣ ಬಿಚ್ಚಿದ. ಯಾವ ರಸ್ತೆಯಲ್ಲಿ ಯಾವ ನಕ್ಷತ್ರ ಉರಿಯುತ್ತಿತ್ತು, ಈಗ ಹೇಗೆ ಎಲ್ಲ ಕಡೆ ಪ್ಲಾಸ್ಟಿಕ್ಕು ಬಂತು ಎಂದು. ನಾನು ಗಡಿಯಾರ ನೋಡಿಕೊಂಡು ಎದ್ದುಬಂದೆ.

ಮನೆಗೆ ಬಂದು ಹೆಂಡತಿಯ ಬರಹವನ್ನು ಸ್ಕ್ಯಾನ್ ಮಾಡಿದೆ. ನಕ್ಷೆ ಉಲ್ಟಾ ಇರಬೇಕು ಎಂದು ತಿಳಿದುಕೊಂಡವನಲ್ಲವೆ, ಕಂಪ್ಯೂಟರಿನಲ್ಲೇ ತಿರುಗಿಸಿ ಕಳಿಸಿದೆ. ಎರಡು ದಿನ ಬಿಟ್ಟು ಅವನು ಈಮೇಲಿನಲ್ಲಿ ಕೇಳಿದ: ಈ ಲಿಪಿ ನನಗೆ ಗೊತ್ತಿಲ್ಲ, ನೀವು ಕಳಿಸಿದ್ದು ಓದುವ ಹಾಗೇ ಇದೆಯೋ, ಮೊದಲೇ ತಿರುಗಿಸಿದ್ದೋ, ಒಮ್ಮೆ ನೋಡಿ ಹೇಳಿ. ನಾನು ಒಂದು ಮೀಟಿಂಗಿನಲ್ಲಿದ್ದೆ. ಮತ್ತೆ ಅದೇ ಪುರಾಣ ಎಂದುಕೊಂಡು ಪೂರ್ತಿ ಓದದೆ ಉತ್ತರ ಬರೆದೆ. ಮೂವತ್ತು ವರ್ಷದಿಂದ ಇಂಜಿನಿಯರ್ ಆಗಿದ್ದೇನೆ, ಎಲ್ಲ ಸರಿಯಾಗಿಯೇ ಇದೆ, ನಿನ್ನ ಪಾಡಿಗೆ ನೀನು ಕೆಲಸ ಮಾಡು ಎಂದು.

ಬೋರ್ಡು ನೇರವಾಗಿ ಹೋಟೆಲಿಗೇ ಬಂದು ಗಾಜಿನಲ್ಲಿ ತೂಗಿತಂತೆ, ನಾನು ನೋಡಲು ಹೋಗಲಿಲ್ಲ. ಹೋಟೆಲು ಶುರುವಾದ ದಿನ ನಾನು ಹ್ಯೂಸ್ಟನ್ನಿನಲ್ಲಿದ್ದೆ. ಗ್ರಾಹಕರ ಕಾರ್ಖಾನೆಯಲ್ಲಿ ಏನೋ ತೊಂದರೆ ಎಂದು ಕರೆದಿದ್ದರು. ಕಿರಿಯರೊಬ್ಬರನ್ನು ಕಳಿಸಿದ್ದರೆ ಆಗುತ್ತಿತ್ತು. ನಾನೇ ಹೋದೆ. ಫ್ರಿಸ್ಕೋ, ಲಿಟಲ್ ಎಲ್ಮ್ ಕಡೆಯ ಜನ ಎಲ್ಲ ಬಂದು ನಾನು ಗಲ್ಲಾದ ಪಕ್ಕದಲ್ಲಿ ನಿಂತಿರುವುದನ್ನು ನೋಡುವುದು ನನಗೆ ಬೇಕಿರಲಿಲ್ಲ. ಹೆಂಡತಿಗೆ ಬೇರೆ ದಾರಿಯೇ ಇರಲಿಲ್ಲ ಎಂದು ಸುಳ್ಳು ಹೇಳಿದೆ. ಅವಳು ಹೋಗಿಬನ್ನಿ ಎಂದಳು.

ಆಮೇಲೆ ಒಂದು ಪರಿಪಾಠ ಬಿದ್ದಿತು. ಬೆಳಿಗ್ಗೆ ಅವಳ ಜೊತೆ ಅಡುಗೆಗೆ ನಿಲ್ಲುವ ಹೆಂಗಸಿನ ಕಾರಿನಲ್ಲಿ ಅವಳು ಹೋಗುವಳು. ಸಂಜೆ ಆಫೀಸಿನಿಂದ ಬರುತ್ತ ನಾನು ಕರೆದುಕೊಂಡು ಬರುವೆ. ಕಾರನ್ನು ಗಾಜಿನ ಎದುರಿಗೇ ನಿಲ್ಲಿಸಿ, ಎಸಿ ಹಾಕಿಕೊಂಡು, ‘ಬಂದಿದ್ದೇನೆ’ ಎಂದು ಮೆಸೇಜ್ ಕಳಿಸಿ, ಫೋನು ನೋಡುತ್ತ ಕೂರುವೆ. ಅವಳು ಬರುವುದಕ್ಕೆ ಕಾಲು ಗಂಟೆಯಾಗುವುದು, ಕೆಲವು ಸಲ ಅರ್ಧ ಗಂಟೆ. ತನಗೆ ಎಷ್ಟು ಕೆಲಸ ಎಂದು ನನಗೆ ತೋರಿಸಲು ಬೇಕೆಂದೇ ತಡಮಾಡುತ್ತಾಳೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಮೇಲೆ ನೋಡಿದರೆ ಆ ದರಿದ್ರ ಸೂರು ಕಾಣುತ್ತದೆ ಎಂದು ಮೇಲೆ ನೋಡುತ್ತಿರಲಿಲ್ಲ. ಅಲ್ಲಿಗೆ ಬಂದ ಕನ್ನಡದವರು ನನ್ನ ಕಾರಿನ ಪಕ್ಕ ಹಾಯುವಾಗ ಕೈ ಬೀಸಿ ನಗುತ್ತಿದ್ದರು. ಆ ನಗುವಿನಲ್ಲಿ ಏನೋ ಇದೆ ಎಂದು ಅನಿಸುತ್ತಿತ್ತು. ಫ್ರಿಸ್ಕೋದ ಒಬ್ಬ ಹುಡುಗ ಕಿಟಕಿ ತಟ್ಟಿ, ಅಂಕಲ್ ಬೋರ್ಡು ಸೂಪರ್ ಆಗಿದೆ, ನೀವೇ ಮಾಡಿಸಿದ್ದಂತೆ ಎಂದ. ಹೌದು ಎಂದು ಬೀಗಿದೆ.

ಹೀಗೆ ಐದು ವಾರ ಕಳೆಯಿತು.

ಆರನೆಯ ವಾರ ಮತ್ತೆ ಹ್ಯೂಸ್ಟನ್ನಿಗೆ ಹೋದೆ. ಬೆಳಿಗ್ಗೆ ತಿಂಡಿ ತಿನ್ನುತ್ತ ಕೂತಿದ್ದಾಗ ಯಾರೋ ವಾಟ್ಸ್ಯಾಪಿನಲ್ಲಿ ಒಂದು ಕೊಂಡಿ ಕಳಿಸಿದರು. ಆ ಬಿಳಿಗಡ್ಡದವನ ವೆಬ್‌ಸೈಟು. ಸಂಜೆಯ ಬೆಳಕು, ಎದ್ದು ನಿಂತ ಸೂರು, ಗಾಜಿನಲ್ಲಿ ಕಿತ್ತಳೆಗೆಂಪಾಗಿ ಉರಿಯುವ ನನ್ನ ಹೆಂಡತಿಯ ಅಕ್ಷರ. ಅಕ್ಷರ ಉಲ್ಟಾ ಇತ್ತು. ಬಲಗಡೆಯಿಂದ ಎಡಗಡೆಗೆ, ಎಲ್ಲ ಸುರುಳಿಗಳೂ ತಪ್ಪು ದಿಕ್ಕಿಗೆ.

ನನ್ನ ರಕ್ತ ಕುದಿಯಿತು. ಇವನಿಗೆ ನಮ್ಮ ಲಿಪಿ ಎಂದರೆ ಗೋಡೆಯ ಮೇಲಿನ ಚಿತ್ತಾರ. ಫೋಟೋವನ್ನು ತಿರುಗಾಮುರುಗಾ ಮಾಡಿ ಹಾಕಿದ್ದಾನೆ, ಅದೂ ಗೊತ್ತಾಗಿಲ್ಲ. ಕೂತಲ್ಲಿಯೇ ಉದ್ದದ ಪತ್ರ ಬರೆದೆ. ನೀವು ಹಳೆಯ ಸೂರನ್ನು ಪೂಜೆ ಮಾಡುತ್ತೀರಿ, ಅದರ ಕೆಳಗೆ ದುಡಿಯುವವರನ್ನು ನೋಡುವುದಿಲ್ಲ ಎಂದು ಬರೆದೆ. ನನ್ನ ಹೆಂಡತಿ ಕೈಯಾರೆ ಬರೆದ ಅಕ್ಷರ ಅದು, ಅದನ್ನು ನೆಟ್ಟಗೆ ನೋಡುವಷ್ಟು ಮರ್ಯಾದೆ ಇಲ್ಲದವನಿಗೆ ಕ್ಯಾಮೆರಾ ಯಾಕೆ ಎಂದೂ ಬರೆದೆ. ಎರಡು ಸಲ ಓದಿಕೊಂಡು, ಇನ್ನೂ ಖಾರ ಸೇರಿಸಿ ಕಳಿಸಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಫೋಟೋವನ್ನು ತಿರುಗಿಸಿಲ್ಲ ಎಂದು ಬರೆದಿದ್ದ. ದಯವಿಟ್ಟು ಚಿತ್ರದ ಕೆಳಭಾಗದಲ್ಲಿ ನಿಂತಿರುವ ಬೂದುಬಣ್ಣದ ಕಾರಿನ ನಂಬರ್ ಪ್ಲೇಟನ್ನು ನೋಡಿ, ಅದು ಸರಿಯಾಗಿಯೇ ಓದಲು ಬರುತ್ತದೆ ಎಂದ. ಫೋಟೋ ತೆಗೆಯುವ ಮೊದಲು ಕಾರಿನಲ್ಲಿದ್ದವರನ್ನು ಕೇಳಬೇಕೆಂದಿದ್ದೆ, ಆದರೆ ಅವರು ಬಹಳ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದರು, ತೊಂದರೆ ಕೊಡಲಿಲ್ಲ, ಕ್ಷಮಿಸಿ ಎಂದೂ ಸೇರಿಸಿದ್ದ.

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಕಾರು. ನನ್ನ ನಂಬರು. ಒಳಗೆ ನನ್ನ ಬೋಳುತಲೆ, ಫೋನಿನ ಬೆಳಕಿನಲ್ಲಿ.

ಗ್ರಾಹಕರಿಗೆ ಏನೋ ನೆಪ ಹೇಳಿ ಹೊರಟೆ. ನಾಲ್ಕು ಗಂಟೆಯ ದಾರಿ. ಆಸ್ಟಿನ್ನಿನ ಮುದುಕನಿಗೆ ಕಾರಿನಿಂದಲೇ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಒಂದು ನಿಮಿಷ ಇರಿ ಎಂದು ಹೋಗಿ, ನನ್ನ ಈಮೇಲನ್ನೇ ನನಗೆ ಓದಿ ಹೇಳಿದ. ಮೂವತ್ತು ವರ್ಷ ಎನ್ನುವಲ್ಲಿ ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಜಗಳವಾಡಲು ಏನಾದರೂ ಸಿಗುತ್ತಿತ್ತು. ನಾನು ತಿರುಗಿಸಿ ಕಳಿಸಿದ್ದನ್ನು ಅವನು ಪದ್ಧತಿಯಂತೆ ಮತ್ತೆ ತಿರುಗಿಸಿಕೊಂಡು ಬಗ್ಗಿಸಿದ್ದ. ಎರಡು ಸಲ ತಿರುಗಿ ನಕ್ಷೆ ನೆಟ್ಟಗಾಗಿತ್ತು, ಅದರ ಮೇಲೆ ಬಗ್ಗಿಸಿ ಎತ್ತಿ ನಿಲ್ಲಿಸಿದಾಗ ಅಕ್ಷರ ಉಲ್ಟಾ ಆಗಿತ್ತು. ಬೇಕಿದ್ದರೆ ಹೊಸದಾಗಿ ಮಾಡಿಕೊಡುತ್ತೇನೆ, ನಿಮ್ಮ ಶ್ರೀಮತಿಯವರಿಗೂ ಆಗಲೇ ಹೇಳಿದ್ದೇನೆ ಎಂದ. ಯಾವಾಗ ಹೇಳಿದೆ ಎಂದು ಕೇಳಿದೆ. ತೂಗುಹಾಕಿದ ದಿನವೇ ಅವರು ಫೋನು ಮಾಡಿದ್ದರು ಎಂದ.

ಉಳಿದ ದಾರಿಯುದ್ದಕ್ಕೂ ನನ್ನ ಸಿಟ್ಟು ಹೆಂಡತಿಯ ಮೇಲೆ ತಿರುಗಿತ್ತು. ಗೊತ್ತಿದ್ದೂ ಹೇಳದೆ ನನ್ನನ್ನು ನಾಲ್ಕು ಜನರ ನಡುವೆ ಹಾಸ್ಯದ ವಸ್ತು ಮಾಡಿದಳಲ್ಲ ಎಂದು.

ಮಧ್ಯಾಹ್ನ ಒಂದೂವರೆಗೆ ಡ್ಯಾಲಸ್ ತಲುಪಿದೆ. ಕಾರಿನಿಂದ ಇಳಿದು ಗಾಜಿನ ಎದುರಿಗೆ ನಿಂತು ತಲೆಯೆತ್ತಿದೆ. ಹಗಲಿನಲ್ಲೂ ಅದು ಉರಿಯುತ್ತಿತ್ತು. ಬೇಕಿಂಗ್ ಕಾಗದದ ಮೇಲೆ ಅವಳು ಬಾಗಿಕೊಂಡು ಬರೆದದ್ದು, ‘ಬ’ ಅಕ್ಷರದ ಕೊನೆಯ ಗೆರೆಯನ್ನು ಸ್ವಲ್ಪ ಮೇಲಕ್ಕೆ ಎಳೆಯುವುದು ಅವಳ ಅಭ್ಯಾಸ. ಆ ಗೆರೆ ಈಗ ಬೇರೆ ಕಡೆಗೆ ಹೊರಟಿತ್ತು. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

ಒಳಗೆ ತಂಪಿತ್ತು. ಸೂರು ಒಳಗಿನಿಂದ ನೋಡಿದರೆ ಎತ್ತರಕ್ಕೆ ಹೋಗುತ್ತ ಹೋಗುತ್ತ ಬೆಳಕಿಗೆ ತೆರೆದುಕೊಳ್ಳುತ್ತಿತ್ತು. ಗಾಜಿಗೆ ಬಿದಿರಿನ ಪರದೆ ಹಾಕಿ ಬಿಸಿಲನ್ನು ಅವಳು ಆಗಲೇ ನಿಭಾಯಿಸಿದ್ದಳು. ಐದಾರು ಮೇಜುಗಳಲ್ಲಿ ಜನ ಇದ್ದರು, ಅರ್ಧ ನಮ್ಮವರು, ಅರ್ಧ ಈ ಊರಿನವರು. ಅವಳು ಗಲ್ಲಾದ ಹಿಂದೆ ಇದ್ದಳು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ಖುಷಿಯೂ ಆಗಲಿಲ್ಲ. ಹ್ಯೂಸ್ಟನ್ ಕೆಲಸ ಮುಗೀತೇನ್ರಿ ಎಂದು ಕೇಳಿದಳು.

“ಬೋರ್ಡು ಉಲ್ಟಾ ಇದೆ. ನಿನಗೆ ಮೊದಲ ದಿನದಿಂದ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?”

ಅವಳು ಒಬ್ಬರಿಗೆ ಚಿಲ್ಲರೆ ಕೊಟ್ಟು ಮುಗಿಸಿದಳು. ಅಲ್ಲಿಗೆ ಬಂದ ಕನ್ನಡದವರೆಲ್ಲ ಅವಳಿಗೆ ಹೇಳಿದ್ದರಂತೆ. ನಮ್ಮ ಮನೆಯವರಿಗೆ ಮಾತ್ರ ಹೇಳಬೇಡಿ ಎಂದು ಎಲ್ಲರನ್ನೂ ಅವಳೇ ಕೇಳಿಕೊಂಡಿದ್ದಳಂತೆ. ಯಾಕೆ ಎಂದು ಮತ್ತೆ ಕೇಳಿದೆ.

“ಹೇಳೂದೇನದರಿ ಅದರಾಗ? ದಿನಾ ಅದರ ಮುಂದs ಕೂಡ್ತಿದ್ರಿ. ಇವತ್ತ ನೋಡ್ತೀರಿ, ನಾಳೆ ನೋಡ್ತೀರಿ ಅಂತ ಬಿಟ್ಟೆ.”

ನಾಳೆಯೇ ಆಸ್ಟಿನ್ನಿಗೆ ಹೋಗಿ ಹೊಸದು ಮಾಡಿಸಿಕೊಂಡು ಬರುತ್ತೇನೆ ಎಂದೆ. ದನಿ ಏರಿತ್ತು. ಹತ್ತಿರದ ಮೇಜಿನವರು ತಿರುಗಿ ನೋಡಿದರು. ಅವಳು ನನ್ನ ಹೆಗಲಿನ ಮೇಲಿಂದ ಗಾಜಿನ ಕಡೆಗೆ ಗದ್ದ ತೋರಿಸಿದಳು. ತಿರುಗಿ ನೋಡಿದೆ. ಈ ಕಡೆಯಿಂದ ಕಾಣುವುದು ಅಕ್ಷರದ ಬೆನ್ನು. ನಳಿಗೆಯ ಗಂಟುಗಳು, ಬೆಳಕು ಮರೆಸಲು ಬಳಿದ ಕಪ್ಪು ಬಣ್ಣ, ವೈರು. ಅದೆಲ್ಲದರ ನಡುವೆ ಅವಳ ಕೈಬರಹ ಅವಳು ಬರೆದ ಹಾಗೇ ಇತ್ತು. ಬರ್ರಿ.

“ಒಳಗಿಂದ ಬರೋಬರಿ ಓದ್ಲಿಕ್ಕೆ ಬರ್ತದ್ರಿ,” ಎಂದಳು. “ಒಳಗ ಬಂದವ್ರಿಗೆಲ್ಲಾ ಸರೀನs ಅದ. ಇರ್ಲಿ ಬಿಡ್ರಿ, ನಂಗ ರೂಢಿ ಆಗೇದ.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನನ್ನ ಹತ್ತಿರ ಇದ್ದ ಸಿಟ್ಟೆಲ್ಲ ಆ ಒಂದು ಮಾತಿಗೆ ಮುಗಿದುಹೋಯಿತು. ಅದು ಮುಗಿದ ಮೇಲೆ ನನ್ನ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ. ನನ್ನ ಹಿಂದೆ ಇಬ್ಬರು ಸಾಲಿನಲ್ಲಿ ನಿಂತಿದ್ದರು. ಅವಳು ಅವರನ್ನು ನೋಡಿ, ಮತ್ತೆ ನನ್ನನ್ನು ನೋಡಿ, ಏನು ಕೊಡಲಿ ಎಂದು ಕೇಳಿದಳು.

ಏನೇನು ಇದೆ ಎಂದು ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವಳು ಪೆನ್ನು ತೆಗೆದುಕೊಂಡು, ಮೊದಲ ಸಲ ಬಂದ ಗಿರಾಕಿಗೆ ಹೇಳುವ ಹಾಗೆ, ನಿಧಾನವಾಗಿ ಒಂದೊಂದೇ ಹೇಳತೊಡಗಿದಳು.